ಪೋಸ್ಟರಿನಲ್ಲಿ ಇಗರ್ಜಿಯ ಗೋಪುರ ಏಕೆ?

ಇದು ಉಡುಪಿಯ ಕನ್ನಡ ಮಾಧ್ಯಮ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ಗುಂಪು. ನಮ್ಮಲ್ಲಿ ಹೆಸರಿಗಿಂತ ಊರೇ ಹೆಚ್ಚು ಚಲಾವಣೆಯಲ್ಲಿದೆ, ಆದ್ದರಿಂದ ಒಂದು ಪೋಸ್ಟರಿನ ಬಗ್ಗೆ ಇಲ್ಲಿ ನಡೆದ ಮಾತುಕತೆಯನ್ನು ಊರಿನ ಹೆಸರಲ್ಲೇ ಕೊಟ್ಟಿದ್ದೇನೆ. ಅಡ್ಮಿನ್ ನಾನೇ. ಬೈಗುಳ ತೆಗೆದಿದ್ದೇನೆ, ಉಳಿದದ್ದು ಬಂದ ಹಾಗೆಯೇ ಇದೆ.

ಕಲ್ಮಾಡಿ: (ಪೋಸ್ಟರ್: ಕೈಮುಗಿದ ಯುವ ನಗರಸಭಾ ಸದಸ್ಯ, ಹಿಂದೆ ಇಗರ್ಜಿಯ, ಅಂದರೆ ಚರ್ಚಿನ, ಗೋಪುರ. ‘ಯುವಜನರ ಆಶಾಕಿರಣ, ಸಮಾಜಸೇವಕ, ಧರ್ಮನಿಷ್ಠ ಕಥೋಲಿಕ. ಮುಂದಿನ ಆಸ್ಕರ್, ನಮ್ಮ ಮುಂದಿನ ಶಾಸಕ’. ಆಸ್ಕರ್ ಎಂದರೆ ಉಡುಪಿಯ ಸಂಸದರಾಗಿದ್ದ ದಿವಂಗತ ಆಸ್ಕರ್ ಫೆರ್ನಾಂಡಿಸ್) ಕಥೋಲಿಕ ಯುವಜನರ ಸಂಘಟನೆ ಐಸಿವೈಎಂನಲ್ಲಿ ಇದ್ದಾಗಿನಿಂದ ಇವನನ್ನು ನೋಡಿದ್ದೇನೆ. ನಿಮ್ಮ ಬೇರೆ ಗುಂಪುಗಳಿಗೂ ಹಂಚಿ.

ಕುವೈತ್: ಶುಭವಾಗಲಿ. ಆಸ್ಕರಣ್ಣ ಹೋದ ಮೇಲೆ ಉಡುಪಿಯಲ್ಲಿ ನಮ್ಮವರೆಂದು ಹೇಳಿಕೊಳ್ಳಲು ಯಾರಿದ್ದಾರೆ?

ಕಲ್ಸಂಕ: ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗೋಪುರ ಏಕೆ ಬಂತು? ದೇವಸ್ಥಾನದ ಗೋಪುರ ಹಾಕಿಕೊಂಡು ಇನ್ನೊಬ್ಬ ಬಂದಿದ್ದರೆ ಇದೇ ಕಲ್ಮಾಡಿ ಇಡೀ ದಿನ ನಮಗೆ ಸಂವಿಧಾನ ಓದಿಸುತ್ತಿದ್ದ.

ಕಲ್ಮಾಡಿ: ಅವನು ದಿನಾ ಹೋಗುವ ಇಗರ್ಜಿ ಅದು. ಅವನ ಹಿಂದೆ ಅದಲ್ಲದೆ ಮಲ್ಪೆಯ ಬೋಟು ಇರಬೇಕಿತ್ತೇ?

ಮಲ್ಪೆ: ಬೋಟು ಇದ್ದರೆ ನಮ್ಮ ವೋಟು ಸಿಗುತ್ತಿತ್ತು ಮಾರಾಯ.

ಕಲ್ಸಂಕ: ತಮಾಷೆ ಬೇಡ. ಪ್ರಜಾಪ್ರತಿನಿಧಿ ಕಾಯ್ದೆ, ಸೆಕ್ಷನ್ 123(3). ಧರ್ಮದ ಹೆಸರಿನಲ್ಲಿ ಮತ ಕೇಳುವುದು, ಧಾರ್ಮಿಕ ಚಿಹ್ನೆ ಬಳಸುವುದು ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲೂ ಕೇಳಬಾರದೆಂದು ನಾಲ್ಕು-ಮೂರರ ಬಹುಮತದಲ್ಲಿ ಹೇಳಿದೆ.

ಕಲ್ಮಾಡಿ: ಚುನಾವಣೆಯೇ ಘೋಷಣೆಯಾಗಿಲ್ಲ.

ಕಲ್ಸಂಕ: ಹಾಗಾದರೆ ‘ಮುಂದಿನ ಶಾಸಕ’ ಎಂದು ಬರೆದದ್ದು ಹುಟ್ಟುಹಬ್ಬದ ಶುಭಾಶಯವೇ?

ಕುವೈತ್: ನಮ್ಮ ಸಮುದಾಯಕ್ಕೆ ಟಿಕೆಟ್ ಸಿಗುವುದೇ ಅಪರೂಪ. ಒಬ್ಬ ತಲೆ ಎತ್ತಿದರೆ ಮೊದಲ ಕಲ್ಲು ಗೆಳೆಯರದ್ದೇ. ಪರವಾಗಿಲ್ಲ, ನಡೆಯಲಿ.

(ಕುವೈತ್ ‘ಪರವಾಗಿಲ್ಲ’ ಎಂದರೆ ಗುಂಪು ಬಿಡುವ ಸಮಯ ಹತ್ತಿರವಾಯಿತೆಂದು ಅರ್ಥ.)

ಕಲ್ಯಾಣಪುರ: ನಾನೂ ಕಥೋಲಿಕಳೇ, ಆದರೂ ನನಗೆ ಆ ಗೋಪುರ ಹಿಡಿಸಲಿಲ್ಲ. ಪಾದ್ರಿಗಳು ಸರ್ಕಾರಿ ಅಧಿಕಾರದ ಹುದ್ದೆ ಹಿಡಿಯಬಾರದೆಂದು ಕಥೋಲಿಕ ಧರ್ಮಸಭೆಯ ನಿಯಮಾವಳಿಯಾದ ಕೆನಾನ್ ಕಾನೂನಿನ 285ನೇ ವಿಧಿ ಹೇಳುತ್ತದೆ. ಪಕ್ಷ ರಾಜಕೀಯದಲ್ಲಿ ಸಕ್ರಿಯವಾಗಿ ತೊಡಗಬಾರದೆಂದು 287ನೇ ವಿಧಿ ಹೇಳುತ್ತದೆ. ನಮ್ಮಂಥ ಶ್ರೀಸಾಮಾನ್ಯರಿಗೆ ಆ ನಿರ್ಬಂಧವಿಲ್ಲ. ಕಥೋಲಿಕ ಬಿಷಪರ ಜಾಗತಿಕ ಸಮ್ಮೇಳನವಾದ ಎರಡನೇ ವ್ಯಾಟಿಕನ್ ಸಭೆಯ 1965ರ ದಾಖಲೆಯೊಂದು ರಾಜಕೀಯವನ್ನು ಕಷ್ಟದ, ಆದರೂ ಉದಾತ್ತವಾದ ಕಲೆ ಎಂದು ಕರೆದು ಯೋಗ್ಯರು ಅದಕ್ಕೆ ತಮ್ಮನ್ನು ಸಿದ್ಧಗೊಳಿಸಿಕೊಳ್ಳಬೇಕೆನ್ನುತ್ತದೆ. ಅವನು ರಾಜಕೀಯಕ್ಕೆ ಬರಲಿ, ಖಂಡಿತ ಬರಲಿ. ಪೂಜೆಗೆ ಬರುವ ನಮ್ಮೆಲ್ಲರನ್ನೂ ಹಿನ್ನೆಲೆಯ ಚಿತ್ರವಾಗಿಸಿಕೊಂಡು ಬರುವುದು ಬೇಡ.

ಮಲ್ಪೆ: 2020ರ ಸೆಪ್ಟೆಂಬರ್ ನೆರೆಯಲ್ಲಿ ಇವನು ಓಡಾಡಿದ್ದು ನಿಜ. ಯಾರ ಮನೆ ಎಂದು ಕೇಳಲಿಲ್ಲ, ಸೊಂಟದ ಮಟ್ಟದ ನೀರಿನಲ್ಲಿ ಬಂದ. ಇದು ಪೋಸ್ಟರಿನಲ್ಲಿ ಇಲ್ಲವಲ್ಲ!

ಕಲ್ಮಾಡಿ: ಅದನ್ನೇ ಹೇಳುತ್ತಿದ್ದೇನೆ. ರಕ್ತದಾನ, ನೆರೆ, ಹುಡುಗರಿಗೆ ಕ್ರೀಡಾಕೂಟ. ಸೇವೆಗೆ ಇನ್ನೇನು ಬೇಕು?

ಟೀಚರ್: ಎಲ್ಲರೂ ಸ್ವಲ್ಪ ನಿಲ್ಲಿ. ‘ಮುಂದಿನ ಆಸ್ಕರ್’ ಎಂದು ಬರೆದವರು ಆಸ್ಕರ್ ಏನು ಮಾಡಿದರೆಂದು ಎರಡು ಸಾಲು ಬರೆಯಬಹುದಿತ್ತು. ಅವರು ಕೂಡ ಮೊದಲು ಕುಳಿತದ್ದು ಇದೇ ಉಡುಪಿ ಪುರಸಭೆಯಲ್ಲಿ, 1972ರಲ್ಲಿ. 1980ರಿಂದ ಸತತ ಐದು ಸಲ ಉಡುಪಿಯಿಂದ ಲೋಕಸಭೆಗೆ ಗೆದ್ದರು, 1998ರಲ್ಲಿ ಸೋತರು. ಕಥೋಲಿಕರ ಮತವಷ್ಟನ್ನೇ ನಂಬಿದ್ದರೆ ಒಂದು ಸಲವೂ ಗೆಲ್ಲುತ್ತಿರಲಿಲ್ಲ, ಆ ಲೆಕ್ಕ ನಿಮಗೂ ಗೊತ್ತು. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಪಾದ್ರಿಯಾಗಲು ಓದುವ ಸೆಮಿನರಿ ಬಿಟ್ಟು ಬಂದವರು. 1977ರಲ್ಲಿ ಜೈಲಿನೊಳಗಿಂದಲೇ ಅವರು ಗೆದ್ದದ್ದು ಬಿಹಾರದ ಮುಜಫ್ಫರಪುರದಲ್ಲಿ. ಅಲ್ಲಿ ಯಾವ ಇಗರ್ಜಿಯ ಗೋಪುರ ಅವರ ಕೈಹಿಡಿಯಿತು?

ಟೀಚರ್: ಇನ್ನೊಂದು. ಆಸ್ಕರ್ ಕಾರ್ಮಿಕ ಖಾತೆಯಲ್ಲಿದ್ದಾಗ ರಾಷ್ಟ್ರೀಯ ಸ್ವಾಸ್ಥ್ಯ ವಿಮೆ ಬಂತು. ಬಡ ಕುಟುಂಬ ಕಟ್ಟಬೇಕಾದದ್ದು 30 ರೂಪಾಯಿ, ಐದು ಜನರಿಗೆ ವರ್ಷಕ್ಕೆ 30,000 ರೂಪಾಯಿಯ ಆಸ್ಪತ್ರೆ ಖರ್ಚು. 2008ರಲ್ಲಿಯೇ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯೂ ಬಂತು. ಆ ಕಾಯ್ದೆಗೆ ಹಲ್ಲಿಲ್ಲವೆಂದು ಕಾರ್ಮಿಕ ಸಂಘಟನೆಗಳು ಆಗಲೇ ಹೇಳಿದ್ದವು, ನಾನೂ ಒಪ್ಪುತ್ತೇನೆ. ಆದರೂ ಇವೆಲ್ಲ ಕುರ್ಚಿಯಲ್ಲಿ ಕುಳಿತು ಕಡತ ಸರಿಸಿದ ಕೆಲಸಗಳು. ಇವುಗಳ ಫೋಟೋ ಸಿಗುವುದಿಲ್ಲ.

ಕಲ್ಸಂಕ: ನಮಸ್ಕಾರ ಟೀಚರ್. ನಾನು ಹೇಳಬೇಕೆಂದದ್ದು ಇದೇ. ರಕ್ತದಾನ ಶಿಬಿರವನ್ನು ಯಾವ ಸಂಘವೂ ಮಾಡುತ್ತದೆ, ಅದಕ್ಕೆ ನಗರಸಭೆಯ ಕುರ್ಚಿ ಬೇಡ. ಕುರ್ಚಿ ಇದ್ದವನಿಂದ ಮಾತ್ರ ಆಗುವ ಕೆಲಸ ಬೇರೆ ಇದೆ. ನಗರಸಭೆಯ ಸ್ವಂತ ಆದಾಯದಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಓದುವ ಮಕ್ಕಳಿಗೆ ನೆರವು, ವೈದ್ಯಕೀಯ ವೆಚ್ಚ, ಹೊಲಿಗೆ ಯಂತ್ರ ಇದರಿಂದಲೇ ಬರಬೇಕು. ‘ಯುವಜನರ ಆಶಾಕಿರಣ’ ತನ್ನ ವಾರ್ಡಿನಲ್ಲಿ ಎಷ್ಟು ಮಕ್ಕಳಿಗೆ ಅರ್ಜಿ ಬರೆಸಿದ್ದಾನೆ? ಅದನ್ನು ಪೋಸ್ಟರಿನಲ್ಲಿ ಹಾಕಲಿ, ನಾನೇ ಹತ್ತು ಗುಂಪಿಗೆ ಕಳುಹಿಸುತ್ತೇನೆ.

ಕಲ್ಮಾಡಿ: 35 ವಾರ್ಡುಗಳಲ್ಲಿ ಉಳಿದ 34 ಮಂದಿಯನ್ನು ನೀನು ಹೀಗೆ ಕೇಳಿದ್ದೀಯಾ?

ಕಲ್ಸಂಕ: ಉಳಿದವರು ಆಶಾಕಿರಣವೆಂದು ಬರೆದುಕೊಂಡಿಲ್ಲ.

(ಇಲ್ಲಿ ಕಲ್ಮಾಡಿಯ ಮಾತಿನಲ್ಲಿ ಹುರುಳಿದೆ ಎಂದು ನನ್ನ ಅಭಿಪ್ರಾಯ. ಕಲ್ಸಂಕ ತನ್ನ ವಾರ್ಡಿನ ಸದಸ್ಯರನ್ನು ಈವರೆಗೆ ಒಂದು ಪ್ರಶ್ನೆ ಕೇಳಿದ್ದನ್ನೂ ನಾನು ಕಂಡಿಲ್ಲ.)

ಕುವೈತ್: ಯುವಜನ, ಯುವಜನ ಎನ್ನುತ್ತೀರಿ. ಊರಿನಲ್ಲಿ ಕೆಲಸವಿದ್ದರೆ ನಾನು ಇಲ್ಲಿರುತ್ತಿದ್ದೆನೇ? ಇಗರ್ಜಿಯ ಯುವ ಸಂಘದಲ್ಲಿ ನನ್ನ ಜೊತೆಗಿದ್ದವರಲ್ಲಿ ಅರ್ಧದಷ್ಟು ಜನ ಗಲ್ಫ್‌ನಲ್ಲಿದ್ದಾರೆ. ಅದರ ಬಗ್ಗೆ ಪೋಸ್ಟರಿನವನೂ ಹೇಳುವುದಿಲ್ಲ, ಸೆಕ್ಷನ್ ಹೇಳುವವನೂ ಹೇಳುವುದಿಲ್ಲ.

ಕಲ್ಯಾಣಪುರ: ಇದು ಸರಿಯಾದ ಪ್ರಶ್ನೆ. ನಗರಸಭಾ ಸದಸ್ಯನ ಕೈಯಲ್ಲಿ ಅದು ಇಲ್ಲ. ಶಾಸಕನಾಗಬೇಕು ಎನ್ನುವವನು ಉತ್ತರ ಇಟ್ಟುಕೊಂಡಿರಬೇಕು.

ಕಲ್ಮಾಡಿ: ಗೋಪುರದ ವಿಷಯ ಅವನಿಗೆ ಹೇಳುತ್ತೇನೆ. ಪೋಸ್ಟರ್ ಅವನು ಮಾಡಿಸಿದ್ದಲ್ಲ, ಅಭಿಮಾನಿಗಳು ಮಾಡಿದ್ದು. ‘ಧರ್ಮನಿಷ್ಠ’ ಎಂಬುದು ಇರಲಿ, ಅದು ಸುಳ್ಳಲ್ಲ.

ಕಲ್ಯಾಣಪುರ: ಸುಳ್ಳಲ್ಲ, ಸರಿ. ಮತ ಕೇಳುವ ಕಾಗದದಲ್ಲಿ ಅದಕ್ಕೇನು ಕೆಲಸ?

ಕಲ್ಮಾಡಿ: ನೀವೆಲ್ಲ ಸೇರಿ ಅವನ ಫೋಟೋ ಒಂದನ್ನೇ ಉಳಿಸುವಂತೆ ಕಾಣುತ್ತದೆ.

ಟೀಚರ್: ನೆರೆಯ ಸಂಗತಿ ಹಾಕಲಿ. ಅರ್ಜಿಗಳ ಲೆಕ್ಕ ಹಾಕಲಿ. ಜಾಗ ಸಾಲದಿದ್ದರೆ ಕೈಮುಗಿದ ಫೋಟೋ ಚಿಕ್ಕದು ಮಾಡಲಿ.

ಮಲ್ಪೆ: ನನ್ನದೊಂದು ಪ್ರಶ್ನೆ. ಆ ಶೇ. 5ರ ಅರ್ಜಿ ಎಲ್ಲಿ ಸಿಗುತ್ತದೆ? ಅಕ್ಕನ ಮಗನಿಗೆ ನಡೆಯಲು ಆಗುವುದಿಲ್ಲ, ಹೀಗೊಂದು ನಿಧಿ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಕಲ್ಸಂಕ: ಸೋಮವಾರ ಹತ್ತೂವರೆಗೆ ನಗರಸಭೆಗೆ ಬಾ, ನಾನೂ ಬರುತ್ತೇನೆ. ಅವನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಎಲ್ಲದರ ಪ್ರತಿ ತಾ.

ಕಲ್ಮಾಡಿ: ನಮ್ಮವನನ್ನೂ ಕರೆದುಕೊಂಡು ಬರುತ್ತೇನೆ. ಸದಸ್ಯ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ.

ಕಲ್ಸಂಕ: ಬರಲಿ. ಫೋಟೋ ತೆಗೆಯುವವನು ಬೇಡ.