ಒಂದ ಪಿಸಿ, ಎರಡು ಓಎಸ್, ಗಡಿಯಾರ 5:30 ತಾಸು ಹಿಂದ!

ಹಿಂಜೇವಾಡಿ_ಹುಡುಗ: ಪುಣೆದಾಗ ನಮ್ಮನ್ಯಾಗ ಇರೋದು ಒಂದ ಪಿಸಿ, ಆಫೀಸಿಗೆ ವಿಂಡೋಸ್, ನನ್ನ ಪ್ರಾಜೆಕ್ಟಿಗೆ ಉಬುಂಟು ಲಿನಕ್ಸ್, ಕೋಡ್ ಎಲ್ಲಾ ಎರಡೂ ಕಡೆ ತೆಗೆಯೋ ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಡ್ರೈವ್‌ನಾಗ ಇಟ್ಟೀನಿ, ಉಬುಂಟುದಿಂದ ವಿಂಡೋಸಿಗೆ ಬಂದ್ರ ಟೈಮ್ ಹಿಂದ ಬೀಳತದ, ಫೈಲ್ ತಿದ್ದಿದ್ರೂ ಮೇಕ್ (ಫೈಲಿನ ಟೈಮ್ ನೋಡಿ ಕೋಡ್ ಮತ್ತ ಬಿಲ್ಡ್ ಮಾಡೋ ಟೂಲ್) ಸುಮ್ನ ಕೂಡತದ. ಮ್ಯಾಲ ಉಬುಂಟುನಾಗ ಡ್ರೈವ್ ಒಮ್ಮೊಮ್ಮೆ ರೀಡ್ ಓನ್ಲಿ, ಬರೇ ಓದಬಹುದು, ಬರಿಯಾಕ ಆಗಂಗಿಲ್ಲ. ಏನ್ರಿ ಇದು?

ಕೋಥ್ರೂಡ್_ಕಾಕಾ: ಗಡಿಯಾರ ಕೆಟ್ಟಿಲ್ಲೋ ತಮ್ಮಾ. ಮದರ್‌ಬೋರ್ಡಿನ ಟೈಮನ್ನ ಉಬುಂಟು ಯುಟಿಸಿ (ಜಗತ್ತಿನ ಮೂಲ ಟೈಮ್) ಅಂತ ಬರೀತದ, ವಿಂಡೋಸ್ ಅದನ್ನ ಲೋಕಲ್ ಅಂತ ಓದ್ತದ, ನಮ್ಮ ಅಂತರನೇ 5:30. ಉಬುಂಟುನಾಗ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕಮಾಂಡ್ ಹೊಡಿ, ಆಗ ಅದೂ ಲೋಕಲ್ ಟೈಮ್ ಬರೀತದ.

ಗಿರ್ಮಿಟ್: ರೀಡ್ ಓನ್ಲಿಗೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ನೋಡ್ರಿ, ಅದು ಇದ್ರ ಪೂರ್ತಿ ಶಟ್‌ಡೌನ್ ಆಗಂಗಿಲ್ಲ, ಅರ್ಧ ನಿದ್ದಿ ಅಷ್ಟ, ಅದಕ್ಕ ಉಬುಂಟು ಆ ಡ್ರೈವ್‌ನಾಗ ಬರಿಯಂಗಿಲ್ಲ. ಆಫ್ ಮಾಡ್ರಿ. ನಾನಂತೂ ಬ್ಯಾಸತ್ತು ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗ ಲಿನಕ್ಸ್ ನಡಸೋದು) ಹಾಕ್ಕೊಂಡೆ, ಆದ್ರ ಕೋಡ್ ಸಿ ಡ್ರೈವ್‌ನಾಗ ಇಟ್ರ ಭಾಳ ಸ್ಲೋ, ಲಿನಕ್ಸ್ ಕಡೇನ ಇಡಬೇಕು.

ಹಿಂಜೇವಾಡಿ_ಹುಡುಗ: ಕಾಕಾ, ಟೈಮ್ ಸರಿ ಆತ್ರಿ!