ಎರಡು ಬೆಸ ಸಂಖ್ಯೆಗಳನ್ನು ಗುಣಿಸಿದರೆ ಕೊನೆಗೆ ಆರು ಸೊನ್ನೆ ಬರುತ್ತಿವೆ, ಪರಿಹಾರ ತಿಳಿಸಿ

ಆಳಂದದ ಮೇಷ್ಟ್ರು:
ಮಾನ್ಯರೇ, ಎರಡು ದಿನಗಳಿಂದ ಇದೊಂದೇ ಲೆಕ್ಕಕ್ಕೆ ತಲೆ ಕೆಡಿಸಿಕೊಂಡು ಕುಳಿತಿದ್ದೇನೆ. 193707721 ಮತ್ತು 761838257287 ಇವೆರಡನ್ನು ಗುಣಿಸಿದರೆ 2ರ 67ನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 147573952589676412927 ಬರಬೇಕು. ನನಗೆ ಪ್ರತಿ ಸಲವೂ 147573952589676000000 ಬರುತ್ತಿದೆ. ಬೆಸವನ್ನು ಬೆಸದಿಂದ ಗುಣಿಸಿದರೆ ಸಮ ಸಂಖ್ಯೆ ಬರುವುದುಂಟೇ? ಸೋಮವಾರ ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ.

ಹುಮನಾಬಾದ್ 64:
ಸರ್, ಇದು 64 ಬಿಟ್ ಮಿತಿಯ, ಅಂದರೆ ಗಣಕವು ಒಂದು ಪೂರ್ಣಾಂಕಕ್ಕೆ 64 ಬಿಟ್ (0 ಅಥವಾ 1 ಎಂಬ ಅಂಕಿ) ಮಾತ್ರ ಕೊಡುವುದರ ತೊಂದರೆಯೇ. 2ರ 64ನೇ ಘಾತ 18446744073709551616. ನಿಮ್ಮ ಸಂಖ್ಯೆ ಅದನ್ನು ದಾಟಿರುವುದರಿಂದ ಉಕ್ಕಿ ಹರಿದಿದೆ.

ಶಹಾಪುರದ ಗಣಿತಾಸಕ್ತೆ:
ಉಕ್ಕಿ ಹರಿದಿದ್ದರೆ ಸೊನ್ನೆಗಳು ಬರುತ್ತಿರಲಿಲ್ಲ. ಈ ಸಂಖ್ಯೆಯ 67 ಬಿಟ್‌ಗಳೂ 1 ಆಗಿರುವುದರಿಂದ, ಕೊನೆಯ 64 ಮಾತ್ರ ಉಳಿದರೆ ಚಿಹ್ನೆಯುಳ್ಳ (ಋಣ ಸಂಖ್ಯೆಗೂ ಜಾಗವಿರುವ) ಪೂರ್ಣಾಂಕದಲ್ಲಿ ಉತ್ತರ −1 ಬರುತ್ತದೆ. ಅಪವರ್ತನಗಳಲ್ಲಿಯೂ ತಪ್ಪಿಲ್ಲ: ಇದರ ಯಾವುದೇ ಅಪವರ್ತನದಿಂದ ಒಂದನ್ನು ಕಳೆದರೆ ಉಳಿದದ್ದು 134ರಿಂದ ಭಾಗವಾಗಬೇಕು, 193707720ನ್ನು ಭಾಗಿಸಿದಾಗ ಸರಿಯಾಗಿ 1445580 ಬಂದಿತು. ಮೇಷ್ಟ್ರೇ, ಲೆಕ್ಕ ಮಾಡುತ್ತಿರುವುದು ಯಾವುದರಲ್ಲಿ?

ಹುಮನಾಬಾದ್ 64:
ಆದರೂ ಮಿತಿ ಮಿತಿಯೇ. ನನ್ನ ಗಣಕಕ್ಕೆ 32 ಜಿಬಿ ಮೆಮೊರಿ ಹಾಕಿಸಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿದಾಗ ಪೂರ್ತಿ 21 ಅಂಕಿಗಳೂ ಬಂದವು.

ಶಹಾಪುರದ ಗಣಿತಾಸಕ್ತೆ:
ಅದಕ್ಕೆ ಮೆಮೊರಿ ಕಾರಣವಲ್ಲ. ಪೈಥಾನ್ ಪೂರ್ಣಾಂಕಕ್ಕೆ ಬೇಕಾದಷ್ಟು ಜಾಗ ತೆಗೆದುಕೊಳ್ಳುತ್ತದೆ. ಹಳೆಯ ಗಣಕದಲ್ಲಿಯೂ ಅದೇ ಉತ್ತರ ಬರುತ್ತದೆ.

ಸೇಡಂ ಓದುಗ:
1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮೆರ್ಸೆನ್ ಈ 21 ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯವೆಂದು ಬರೆದಿದ್ದರು. ಅದು ತಪ್ಪೆಂದು ತೋರಿಸಿದವರು 1903ರಲ್ಲಿ ಈ ಅಪವರ್ತನಗಳನ್ನು ಕಂಡುಹಿಡಿದ ಅಮೆರಿಕದ ಗಣಿತಜ್ಞ ಕೋಲ್.

ಶಹಾಪುರದ ಗಣಿತಾಸಕ್ತೆ:
ಕ್ಷಮಿಸಿ, ತಪ್ಪೆಂದು ತೋರಿಸಿದವರು ಫ್ರಾನ್ಸಿನ ಗಣಿತಜ್ಞ ಲ್ಯೂಕಾ, ಅದೂ 1876ರಲ್ಲಿ. ಒಂದು ಅಪವರ್ತನವೂ ಕೈಗೆ ಸಿಗದೆ ಸಂಯುಕ್ತವೆಂದು ಸಾಧಿಸಿದ ಆ ಕೆಲಸವೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಸೇಡಂ ಓದುಗ:
ಲ್ಯೂಕಾ ಅವರ ವಿಷಯ ಒಪ್ಪಿದೆ. ಆದರೆ ಯಂತ್ರದ ನೆರವಿಲ್ಲದೆ ಹನ್ನೆರಡು ಅಂಕಿಗಳ ಅಪವರ್ತನವನ್ನು ಹುಡುಕಿದವರನ್ನು ಎರಡನೆಯ ಸಾಲಿಗೆ ತಳ್ಳಲು ನಾನು ಒಪ್ಪುವುದಿಲ್ಲ.

ಆಳಂದದ ಮೇಷ್ಟ್ರು:
ಹೇಳುವುದನ್ನೇ ಮರೆತೆ, ಲೆಕ್ಕ ಮಾಡುತ್ತಿರುವುದು ಸ್ಪ್ರೆಡ್‌ಶೀಟಿನಲ್ಲಿ. ಸೆಲ್ ಅಗಲ ಮಾಡಿದರೂ, ದಶಮಾಂಶ ತೆಗೆದರೂ ಸೊನ್ನೆಗಳು ಹೋಗುತ್ತಿಲ್ಲ.

ಶಹಾಪುರದ ಗಣಿತಾಸಕ್ತೆ:
ಹಾಗಾದರೆ ದೋಷ ಸಿಕ್ಕಿತು. ಅಲ್ಲಿ ಸಂಖ್ಯೆಗಳಿಗೆ 15 ಅಂಕಿಗಳವರೆಗೆ ಮಾತ್ರ ಬೆಲೆ, ಆಮೇಲಿನ ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. ಎರಡನೆಯ ಸಂಖ್ಯೆಯನ್ನು 761838 ಮತ್ತು 257287 ಎಂದು ಒಡೆದು, ಎರಡನ್ನೂ ಬೇರೆ ಬೇರೆ ಸೆಲ್‌ಗಳಲ್ಲಿ 193707721ರಿಂದ ಗುಣಿಸಿರಿ. 147573902751198 ಮತ್ತು 49838478412927 ಬರುತ್ತವೆ, ಎರಡೂ ಮಿತಿಯೊಳಗಿವೆ. ಎರಡನೆಯದರ ಕೊನೆಯ ಆರು ಅಂಕಿಗಳನ್ನು ಇಟ್ಟುಕೊಂಡು, ಉಳಿದ 49838478ನ್ನು ದಶಕದಂತೆ ಎಡಕ್ಕೆ ಒಯ್ದು ಮೊದಲನೆಯದಕ್ಕೆ ಕೂಡಿಸಿರಿ.

ಆಳಂದದ ಮೇಷ್ಟ್ರು:
147573952589676 ಬಂದಿತು, ಬಲಕ್ಕೆ 412927 ಬರೆದೆ. ಇಪ್ಪತ್ತೊಂದು ಅಂಕಿಗಳೂ ಕೂಡಿದವು. ಸೋಮವಾರ ಕರಿಹಲಗೆಯ ಮೇಲೆ ಮಕ್ಕಳಿಂದಲೇ ಹೀಗೆ ಒಡೆದು ಮಾಡಿಸುತ್ತೇನೆ.