ಮಾರುತಿ 800 (1997): ಬೆಳಿಗ್ಗೆ ಹೊತ್ತು ಇಗ್ನಿಷನ್ ಕೀ ತಿರುಗ್ತಿಲ್ಲ

ಮೂಡಿಗೆರೆ_800
ಸಾಕಾಗಿ ಹೋಗಿದೆ. ಕೀ ಒಳಗೆ ಹೋಗುತ್ತೆ, ತಿರುಗಲ್ಲ. ಹತ್ತು ನಿಮಿಷ ಗುದ್ದಾಡಿದ ಮೇಲೆ ಒಂದೊಂದು ಸಲ ತಿರುಗುತ್ತೆ, ಒಂದೊಂದು ಸಲ ಅದೂ ಇಲ್ಲ. ಬ್ಯಾಟರಿ ಹೊಸದು, ಪ್ಲಗ್ ಹೊಸದು, ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದೆ. ಮೆಕ್ಯಾನಿಕ್ ಕೇಳಿದ್ರೆ ಬಾಗಿಲು, ಡಿಕ್ಕಿ ಸೇರಿಸಿ ಪೂರ್ತಿ ಲಾಕ್ ಸೆಟ್ಟೇ ಬದಲಾಯಿಸಿ ಅಂತಾರೆ. ಏನಾದ್ರೂ ದಾರಿ ಇದ್ರೆ ಹೇಳಿ.

ಸ್ಪ್ಯಾನರ್_ಹತ್ತುಹನ್ನೆರಡು
ಬ್ಯಾಟರಿಗೂ ಕೀ ತಿರುಗದೇ ಇರೋದಕ್ಕೂ ಸಂಬಂಧ ಇಲ್ಲ ಸಾರ್. ಮೊದಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಹೇಳಿ. ಲಾಕ್‌ನಿಂದ ಎಸಿಸಿಗೇ (ರೇಡಿಯೊ ಮಾತ್ರ ನಡೆಯೋ ಮೊದಲ ಹಂತ) ಬರಲ್ವಾ? ಆನ್‌ನಿಂದ ಸ್ಟಾರ್ಟ್‌ಗೆ ಹೋಗಲ್ವಾ? ಅಥವಾ ವಾಪಸ್ ಲಾಕ್‌ಗೆ ತಂದು ಕೀ ತೆಗೆಯೋಕೆ ಆಗಲ್ವಾ? ಮೂರಕ್ಕೂ ಕಾರಣ ಬೇರೆ. ಮೂರನೆಯದಾದ್ರೆ ಎಸಿಸಿಯಲ್ಲಿ ಕೀಯನ್ನ ಒಳಗೆ ಒತ್ತಿ ಹಿಡಿದು ತಿರುಗಿಸಿ, ಹಾಗೇ ಎಳೆದ್ರೆ ಬರಲ್ಲ. ಇದು ಗೊತ್ತಿಲ್ಲದೆ ಲಾಕ್ ಒಡೆಸಿದವರಿದ್ದಾರೆ.

ಚಾಸಿಸ್_ಚಂದ್ರು
ಕೇಳೋದೇ ಬೇಡ, ಸ್ಟೀರಿಂಗ್ ಲಾಕ್. ಕೀ ತೆಗೆದ ಮೇಲೆ ಸ್ಪ್ರಿಂಗ್ ಇರೋ ಒಂದು ಪಿನ್ ಸ್ಟೀರಿಂಗ್ ಕಾಲಂ (ಸ್ಟೀರಿಂಗ್ ಕೆಳಗಿನ ಕಂಬ) ಶಾಫ್ಟ್‌ನ ತೋಡಿಗೆ ಇಳಿದು ಕೂತ್ಕೊಳ್ಳುತ್ತೆ. ಚಕ್ರ ತಿರುಗಿಸಿ, ಕಲ್ಲಿಗೆ ಒತ್ತಿ ನಿಲ್ಲಿಸಿದ್ರೆ ಟೈರಿನ ತಿರುಚು ಪೂರ್ತಿ ಆ ಪಿನ್ ಮೇಲೆ ಬೀಳುತ್ತೆ. ಆಗ ಕೀಗೆ ಎಷ್ಟು ಬಲ ಹಾಕಿದ್ರೂ ಪಿನ್ ಹೊರಗೆ ಬರಲ್ಲ. ಎಡಗೈಯಲ್ಲಿ ಸ್ಟೀರಿಂಗನ್ನ ಎಡಕ್ಕೂ ಬಲಕ್ಕೂ ತೂಗಾಡಿಸ್ತಾ ಬಲಗೈಯ ಎರಡೇ ಬೆರಳಲ್ಲಿ ಕೀ ತಿರುಗಿಸಿ. ಕಟಿಂಗ್ ಪ್ಲೇಯರ್ ಹಾಕಬೇಡಿ, ಕೀ ಕುತ್ತಿಗೆಯಲ್ಲೇ ತಿರುಚಿ ಮುರಿಯುತ್ತೆ.

ಮೂಡಿಗೆರೆ_800
ಲಾಕ್‌ನಿಂದ ಎಸಿಸಿಗೇ ಬರಲ್ಲ. ಸ್ಟೀರಿಂಗ್ ಅಲ್ಲಾಡಿಸಿ ನೋಡಿದ್ದೀನಿ, ಚಕ್ರ ನೇರ ಇಟ್ಟೇ ಶೆಡ್ಡಿಗೆ ಹಾಕೋದು. ಮಧ್ಯಾಹ್ನ ಬೆಣ್ಣೆ ಹಾಗೆ ತಿರುಗುತ್ತೆ.

ಚಾಸಿಸ್_ಚಂದ್ರು
ಹಾಗಾದ್ರೆ ಪಿನ್ ಸವೆದಿದೆ, ಇಲ್ಲಾಂದ್ರೆ ಕಾಲಂ ಬುಷ್ ಹೋಗಿ ಶಾಫ್ಟ್ ಅಲ್ಲಾಡ್ತಿದೆ. ಲಾಕ್ ಬಾಡಿ ಬಿಚ್ಚಲೇಬೇಕು. ಅದನ್ನ ಕಾಲಂಗೆ ಹಿಡಿದಿರೋದು ಬೇಕಂತಲೇ ತಲೆ ಮುರಿದು ಕೂರಿಸಿದ ಬೋಲ್ಟು, ಸ್ಪ್ಯಾನರ್ ಕೂರಲ್ಲ. ಸೆಂಟರ್ ಪಂಚನ್ನ ಬೋಲ್ಟಿನ ಅಂಚಿಗೆ ಓರೆಯಾಗಿ ಇಟ್ಟು ಅಪ್ರದಕ್ಷಿಣವಾಗಿ ಸಣ್ಣಗೆ ತಟ್ಟುತ್ತಾ ಬಂದ್ರೆ ಸಡಿಲ ಆಗುತ್ತೆ. ಆಗದಿದ್ರೆ ಡ್ರಿಲ್. ವಾಪಸ್ ಕೂರಿಸುವಾಗ ಹೊಸ ಬೋಲ್ಟೇ ಹಾಕಿ, ತಲೆ ಮುರಿಯೋವರೆಗೂ ಬಿಗಿ ಮಾಡಿ.

ಬೀಗದ_ಬಾಷಾ
ಡ್ರಿಲ್ ಕೆಳಗಿಡಿ ಚಂದ್ರಣ್ಣ. ಪಿನ್ ಸವೆದಿದ್ರೆ ಮಧ್ಯಾಹ್ನ ಮಾತ್ರ ಹೇಗೆ ಸರಿಯಾಗುತ್ತೆ? ಮೂಡಿಗೆರೆಯವರೇ, ಒರಿಜಿನಲ್ ಕೀನಾ, ಡೂಪ್ಲಿಕೇಟಾ? ಡೂಪ್ಲಿಕೇಟ್ ನೋಡಿ ಮಾಡಿದ ಡೂಪ್ಲಿಕೇಟಾದ್ರೆ ತಪ್ಪು ಸೇರ್ತಾ ಹೋಗಿರುತ್ತೆ. ಇದರೊಳಗೆ ಇರೋದು ಹಿತ್ತಾಳೆಯ ತೆಳು ತಗಡುಗಳು, ಒಂದೊಂದಕ್ಕೂ ಪುಟ್ಟ ಸ್ಪ್ರಿಂಗ್. ಸರಿಯಾದ ಕೀ ಕೂತಾಗ ಎಲ್ಲ ತಗಡೂ ಬ್ಯಾರಲ್ (ಕೀ ಜೊತೆ ತಿರುಗೋ ಉರುಳೆ) ಮಟ್ಟಕ್ಕೆ ಬರಬೇಕು. ಒಂದು ಕೂದಲೆಳೆಯಷ್ಟು ಹೊರಗೆ ಚಾಚಿದ್ರೂ ಗೂಡಿನ ತೋಡಿಗೆ ತಗುಲಿ ತಿರುಗಲ್ಲ. ಅದೇ ಕೀಯಲ್ಲಿ ಡ್ರೈವರ್ ಬಾಗಿಲು ಬೆಳಿಗ್ಗೆ ಸಲೀಸಾಗಿ ತೆಗೆಯುತ್ತಾ?

ಹುಬ್ಳಿ_ಹ್ಯಾಂಡ್‌ಬ್ರೇಕ್
ಇಷ್ಟೆಲ್ಲಾ ಯಾಕ್ರೀ? ಡಬ್ಲ್ಯುಡಿ-40 ಸ್ಪ್ರೇ ಒಂದ್ ಸಲ ಹೊಡದ್ ಬಿಡ್ರಿ, ಮುಗೀತು.

ಕರಾವಳಿ_ಕಾರ್ಬ್
ಬೀಗಕ್ಕೆ ಡಬ್ಲ್ಯುಡಿ-40 ಹಾಕಿ ಬಿಟ್ರೆ ಅದರ ತೆಳು ಎಣ್ಣೆಗೆ ಧೂಳು ಹಿಡಿದು ಆರು ತಿಂಗಳಲ್ಲಿ ಇನ್ನೂ ಕೆಡ್ತದೆ ಮಾರಾಯ್ರೆ. ಹೆಸರಲ್ಲೇ ಇದೆಯಲ್ಲ, ಡಬ್ಲ್ಯುಡಿ ಅಂದ್ರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಓಡಿಸ್ಲಿಕ್ಕೆ ಮಾಡಿದ್ದು ಅದು.

ಹುಬ್ಳಿ_ಹ್ಯಾಂಡ್‌ಬ್ರೇಕ್
ನಮ್ ಕಡೆ ಎಲ್ಲಾರೂ ಅದನ್ನ ಹೊಡೀತಾರ್ರೀ. ನೀವೇನ್ ಹಾಕ್ತೀರಿ, ಮೀನೆಣ್ಣೀನಾ?

ಕರಾವಳಿ_ಕಾರ್ಬ್
ಒಣ ಟೆಫ್ಲಾನ್ ಸ್ಪ್ರೇ. ಗ್ರಾಫೈಟ್ ಒಳ್ಳೇದೇ, ಆದ್ರೆ ಮಂಗಳೂರು, ಉಡುಪಿಯ ಉಪ್ಪು ಗಾಳಿಗೆ ಅಲ್ಲ. ತೇವ ಇದ್ದಲ್ಲಿ ಗ್ರಾಫೈಟ್ ತಾಗಿದ ಸತುವಿನ ಎರಕ ಬೇಗ ತಿಂದುಹೋಗ್ತದೆ.

ಸ್ಪ್ಯಾನರ್_ಹತ್ತುಹನ್ನೆರಡು
ಮೆತ್ತನೆ 6ಬಿ ಪೆನ್ಸಿಲನ್ನ ಕೀ ಹಲ್ಲಿಗೆ ಉಜ್ಜಿದ್ರೂ ನಡೆಯುತ್ತೆ. ಎಚ್‌ಬಿ ಬೇಡ, ಅದರಲ್ಲಿ ಜೇಡಿಮಣ್ಣು ಜಾಸ್ತಿ.

ಪದ್ಮಿನಿ_ಪ್ರಿಯ
ನನ್ನ ಹಳೇ ಪ್ರೀಮಿಯರ್ ಪದ್ಮಿನಿ ಕಾರಲ್ಲಿ ಈ ಗೋಳೇ ಇಲ್ಲ. ಕೀ ಬರೀ ಆನ್‌ಗೆ, ಸ್ಟಾರ್ಟ್‌ಗೆ ಬೇರೆ ಪುಶ್ ಬಟನ್, 40 ಆಂಪ್ ರಿಲೇ (ದೊಡ್ಡ ಕರೆಂಟನ್ನ ಕೀ ಸ್ವಿಚ್ಚಿನ ಬದಲು ತಾನೇ ಹೊರೋ ಸ್ವಿಚ್), ಹೆಡ್‌ಲೈಟಿಗೆ ಇನ್ನೆರಡು ರಿಲೇ. ವೈರೆಲ್ಲ 4 ಚದರ ಎಂಎಂ. ಇಗ್ನಿಷನ್ ಸ್ವಿಚ್ ಬಿಸಿಯೇ ಆಗಲ್ಲ.

ಬೀಗದ_ಬಾಷಾ
ಪದ್ಮಿನಿ ಸಾರ್, ರಿಲೇ ಒಳ್ಳೇದು. ಆದ್ರೆ ಇವರಿಗೆ ಕೀಯೇ ತಿರುಗ್ತಿಲ್ಲ.

ಮೂಡಿಗೆರೆ_800
ಕೀ ಒರಿಜಿನಲ್. ಬಾಗಿಲು ಬೆಳಿಗ್ಗೆ, ಸಂಜೆ ಯಾವಾಗಲೂ ಸಲೀಸು.

ಬೀಗದ_ಬಾಷಾ
ಹಾಗಾದ್ರೆ ಕೀ ಸವೆದಿಲ್ಲ. ಲಾಕಿನೊಳಗೆ ಏನಾದ್ರೂ ಹಾಕಿದ್ದೀರಾ? ಏನೇ ಇರಲಿ, ಹೇಳಿ.

ಮೂಡಿಗೆರೆ_800
ಏನೂ ಇಲ್ಲ. ಬೇಸಿಗೆಯಲ್ಲಿ ಸ್ವಲ್ಪ ಬಿಗಿ ಅನ್ನಿಸ್ತು ಅಂತ ಕೊಬ್ಬರಿ ಎಣ್ಣೆ ನಾಲ್ಕು ತೊಟ್ಟು ಬಿಟ್ಟಿದ್ದು, ಆಗ ಸರಿಯೂ ಹೋಗಿತ್ತು. ಆಯುಧಪೂಜೆಗೆ ಕೀಗೆ ಅರಿಶಿನ ಕುಂಕುಮ ಹಚ್ಚಿದ್ವಿ, ಅದನ್ನ ಎಲ್ಲರೂ ಹಚ್ತಾರಲ್ಲ. ಇದಕ್ಕೂ ಅದಕ್ಕೂ ಏನು ಸಂಬಂಧ?

ಬೀಗದ_ಬಾಷಾ
ಸಂಬಂಧ ಪೂರ್ತಿ ಅಲ್ಲೇ ಇರೋದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ನಿಮ್ಮಲ್ಲಿ ಈಗ ಬೆಳಿಗ್ಗೆ ಎಷ್ಟು ಚಳಿ ಅಂತ ನಿಮಗೇ ಗೊತ್ತು. ಕೀ ಒಳಗೆ ಹೋಗುವಾಗ ಅದರ ಎತ್ತರದ ಹಲ್ಲು ತಗಡನ್ನ ಎತ್ತುತ್ತೆ. ಹಿಂದೆಯೇ ತಗ್ಗು ಬಂದಾಗ ತಗಡು ವಾಪಸ್ ಇಳಿಯಬೇಕು. ಇಳಿಸೋದು ಆ ಕೂದಲಿನಂಥ ಸ್ಪ್ರಿಂಗ್ ಒಂದೇ. ಗಟ್ಟಿ ಎಣ್ಣೆ, ಕುಂಕುಮ, ಹಳೇ ಧೂಳು ಸೇರಿ ಅಂಟಾಗಿದ್ರೆ ಸ್ಪ್ರಿಂಗ್ ಸೋಲುತ್ತೆ, ತಗಡು ಮೇಲೇ ನಿಲ್ಲುತ್ತೆ. ಅದಕ್ಕೇ ಕೀ ಸಲೀಸಾಗಿ ಒಳಗೆ ಹೋಗುತ್ತೆ, ತಿರುಗಲ್ಲ. ಬಾಗಿಲಿಗೆ ಎಣ್ಣೆ ಬಿಟ್ಟಿಲ್ಲ, ಅದಕ್ಕೆ ಚಳಿಯ ಹಂಗಿಲ್ಲ.

ಖಾತ್ರಿ ಬೇಕಾದ್ರೆ ನಾಳೆ ಬೆಳಿಗ್ಗೆ ಕೀಯ ಲೋಹದ ಭಾಗ ಮಾತ್ರ ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಲಾಕಿಗೆ ಹಾಕಿ ಒಂದು ನಿಮಿಷ ಬಿಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ತಿರುಗಿದ್ರೆ ಎಣ್ಣೆಯೇ. ಬೆಂಕಿಕಡ್ಡಿ, ಲೈಟರ್ ಬೇಡ.

ಚಾಸಿಸ್_ಚಂದ್ರು
ಚಳಿಗೆ ಕಾಲಂನ ಗ್ರೀಸೂ ಗಟ್ಟಿಯಾಗುತ್ತೆ. ನಾನು ಈಗಲೂ ಪಿನ್ ಅಂತಲೇ ಹೇಳೋದು.

ಮೂಡಿಗೆರೆ_800
ಬಿಸಿ ಕೀಗೆ ತಿರುಗಿತು. ಈಗ ತೊಳೆಯೋದು ಹೇಗೆ?

ಬೀಗದ_ಬಾಷಾ
10 ಎಂಎಂ ಸ್ಪ್ಯಾನರಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಲಾಕಿನ ಹಿಂದೆಯೇ ಕರೆಂಟಿನ ಕಾಂಟಾಕ್ಟ್ ಇದೆ, ಸ್ಪ್ರೇ ಎಲ್ಲ ಬೆಂಕಿ ಹಿಡಿಯೋ ಜಾತಿ. ಕಿಟಕಿ ತೆಗೆದಿಡಿ, ಕಾಲಂ ಕೆಳಗೆ ಬಟ್ಟೆ ಹಾಸಿ. ಬಿಸಿಲೇರಿದ ಮೇಲೆ ಮಾಡಿ, ಎಣ್ಣೆ ಕರಗಿರುತ್ತೆ.

ಮೊದಲ ತೊಳೆತಕ್ಕೆ ಹುಬ್ಳಿಯವರ ಡಬ್ಲ್ಯುಡಿ-40ಯೇ ಸರಿ. ಕೊಬ್ಬರಿ ಎಣ್ಣೆಯನ್ನ ಅದು ಕರಗಿಸುತ್ತೆ, ಬರೀ ಐಸೊಪ್ರೊಪೈಲ್ ಆಲ್ಕೋಹಾಲ್ ಅಷ್ಟು ಕರಗಿಸಲ್ಲ. ನಳಿಕೆಯನ್ನ ಕೀ ತೂತಿಗೆ ಇಟ್ಟು ಎರಡು ಸೆಕೆಂಡ್ ಹೊಡೆಯಿರಿ, ಐದು ನಿಮಿಷ ಬಿಡಿ. ಆಮೇಲೆ ಕೀಯನ್ನ ತಿರುಗಿಸದೆ 15–20 ಸಲ ಒಳಗೆ ಹೊರಗೆ ಮಾಡಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ, ಕೆಂಪು, ಹಳದಿ, ಕಪ್ಪು ಬರುತ್ತೆ. ಬಟ್ಟೆ ಹೆಚ್ಚು ಕಡಿಮೆ ಬೆಳ್ಳಗೆ ಉಳಿಯೋವರೆಗೂ ಇದೇ ಕೆಲಸ.

ಅಲ್ಲಿಗೆ ನಿಲ್ಲಿಸಿದ್ರೆ ಕರಾವಳಿಯವರು ಹೇಳಿದ ಧೂಳಿನ ಕಥೆ ಶುರು. ಜಿಡ್ಡು ಉಳಿಸದ ಕಾಂಟಾಕ್ಟ್ ಕ್ಲೀನರಲ್ಲಿ (ಕರೆಂಟ್ ಭಾಗ ತೊಳೆಯೋ ಸ್ಪ್ರೇ) ಎರಡು ಸಲ ತೊಳೆದು ಡಬ್ಲ್ಯುಡಿಯ ಪಸೆಯನ್ನೂ ತೆಗೆಯಿರಿ. ಬ್ರೇಕ್ ಕ್ಲೀನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತೆ. ಒಂದು ಗಂಟೆ ಒಣಗಲಿ. ಪೂರ್ತಿ ಒಣಗಿದ ಮೇಲೆ ಕೀ ಹಲ್ಲಿಗೆ ಚಿಟಿಕೆ ಗ್ರಾಫೈಟ್ ಉಜ್ಜಿ ಹತ್ತು ಸಲ ಆಡಿಸಿ. ಪಸೆ ಇರುವಾಗ ಗ್ರಾಫೈಟ್ ಹಾಕಿದ್ರೆ ಕಪ್ಪು ಹಿಟ್ಟಾಗಿ ಮತ್ತೆ ಇದೇ ಪಾಡು. ಜಾಸ್ತಿ ಸುರಿದ್ರೆ ಹಿಂದಿನ ಕಾಂಟಾಕ್ಟಿಗೆ ಇಳಿಯಬಹುದು, ಗ್ರಾಫೈಟಲ್ಲಿ ಕರೆಂಟ್ ಹರಿಯುತ್ತೆ.

ಹುಬ್ಳಿ_ಹ್ಯಾಂಡ್‌ಬ್ರೇಕ್
ನೋಡ್ರಿ ಮತ್ತ, ನಾ ಮೊದಲ ಹೇಳಿದ್ನಿಲ್ಲೋ?

ಕರಾವಳಿ_ಕಾರ್ಬ್
ಹೊಡೆದು ಬಿಡಿ ಅಂದದ್ದು ನೀವು. ಹೊಡೆದು ತೊಳೆದು ತೆಗೀರಿ ಅಂದದ್ದು ಅವರು.

ಮೂಡಿಗೆರೆ_800
ತೊಳೆದೆ, ಬಟ್ಟೆ ಪೂರ್ತಿ ಕೆಂಪು. ಈಗ ಬೆಳಿಗ್ಗೆಯೂ ಎಸಿಸಿ, ಆನ್ ಸಲೀಸು. ಆದ್ರೆ ಹೊಸ ತಲೆನೋವು: ಸ್ಟಾರ್ಟ್ ಮಾಡಿ ಕೈ ಬಿಟ್ರೆ ಕೀ ತಾನಾಗಿ ಆನ್‌ಗೆ ವಾಪಸ್ ಬರಲ್ಲ. ಎಂಜಿನ್ ಓಡ್ತಿದ್ರೂ ಕರ್ರ್ ಅನ್ನುತ್ತೆ. ಮೊದಲೂ ಸ್ವಲ್ಪ ಹಾಗಿತ್ತು, ಮುಖ್ಯ ಅಲ್ಲ ಅಂತ ಬರೆದಿರಲಿಲ್ಲ.

ಸ್ಪ್ಯಾನರ್_ಹತ್ತುಹನ್ನೆರಡು
ಅದೇ ಮುಖ್ಯ! ಸ್ಟಾರ್ಟರ್ ಎಳೆದಂತೆಯೇ ಇದ್ರೆ ಮೊದಲು ಅದರ ಒನ್‌ವೇ ಕ್ಲಚ್ (ಓಡ್ತಿರೋ ಎಂಜಿನ್ ಸ್ಟಾರ್ಟರ್ ಮೋಟಾರನ್ನ ತಿರುಗಿಸದ ಹಾಗೆ ತಡೆಯೋ ಭಾಗ) ಹೋಗುತ್ತೆ, ಆಮೇಲೆ ಮೋಟಾರ್ ಸುಡುತ್ತೆ. ಸರಿ ಆಗೋವರೆಗೂ ಕೀಯನ್ನ ಕೈಯಲ್ಲೇ ಆನ್‌ಗೆ ಎಳೆದು ತನ್ನಿ, ಬೇರೆಯವರ ಕೈಗೆ ಗಾಡಿ ಕೊಡಬೇಡಿ.

ತೊಂದರೆ ಲಾಕಿನದೋ ಸ್ವಿಚ್ಚಿನದೋ ಹೀಗೆ ನೋಡಿ. ನೆಗೆಟಿವ್ ಬಿಚ್ಚಿ, ಕಾಲಂ ಕವರ್ ತೆಗೆದು, ಲಾಕಿನ ಹಿಂದೆ ಕೂತಿರೋ ಕರೆಂಟ್ ಸ್ವಿಚ್ಚನ್ನ ಬೇರೆ ಮಾಡಿ. ಈಗ ಬರೀ ಲಾಕಿನಲ್ಲಿ ಕೀ ತಿರುಗಿಸಿ. ಸಲೀಸಾಗಿ ಆಡಿದ್ರೆ ಲಾಕ್ ಸರಿ ಇದೆ. ಆಮೇಲೆ ಸ್ವಿಚ್ಚಿನ ತೋಡಿಗೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟ್‌ವರೆಗೂ ತಿರುಗಿಸಿ ಬಿಡಿ. ಯಾವುದು ಬಿಗಿಯೋ, ಯಾವುದು ವಾಪಸ್ ಚಿಮ್ಮಲ್ವೋ ಅದೇ ಕಳ್ಳ. ಸ್ವಿಚ್ ಆದ್ರೆ ಅದೊಂದನ್ನೇ ಬದಲಾಯಿಸಿ, ಲಾಕ್ ಸೆಟ್ ಬೇಡ, ಹಳೇ ಕೀ ಹಾಗೇ ನಡೆಯುತ್ತೆ. ಕನೆಕ್ಟರ್ ಪಿನ್ ಕಂದಿದ್ರೆ, ಪ್ಲಾಸ್ಟಿಕ್ ಕರಗಿದ್ರೆ ಅದನ್ನೂ ಬದಲಾಯಿಸಿ.

ಪದ್ಮಿನಿ_ಪ್ರಿಯ
ಅದಕ್ಕೇ ಹೇಳಿದ್ದು, ಪುಶ್ ಬಟನ್ ಹಾಕಿಸಿ. ವೈರಿಂಗ್ ನಕ್ಷೆ ಬೇಕಾದ್ರೆ ಕೊಡ್ತೀನಿ.

ಚಾಸಿಸ್_ಚಂದ್ರು
ಕವರ್ ಬಿಚ್ಚಿದಾಗ ಆ ಪಿನ್ ಒಂದು ನೋಡಿ ಸಾರ್.

ಮೂಡಿಗೆರೆ_800
ಕವರ್ ಬಿಚ್ಚಿದ್ದೀನಿ. ಸ್ವಿಚ್ಚಿನ ಸ್ಕ್ರೂ ತಲೆ ತಿಂದುಹೋಗಿದೆ, ಸ್ಟಾರ್ ಸ್ಕ್ರೂಡ್ರೈವರ್ ಜಾರ್ತಿದೆ. ಡ್ರಿಲ್ಲಾ?

ಬೀಗದ_ಬಾಷಾ
ಬೇಡ. ತಲೆ ಹೊರಗಿದ್ರೆ ವೈಸ್‌ಗ್ರಿಪ್ಪಲ್ಲಿ ಕಚ್ಚಿ ತಿರುಗಿಸಿ. ಒಳಗಿದ್ರೆ ಸೈಕಲ್ ಟ್ಯೂಬಿನ ತುಂಡನ್ನ ತಲೆ ಮೇಲಿಟ್ಟು, ಒಂದು ಸೈಜ್ ದೊಡ್ಡ ಸ್ಕ್ರೂಡ್ರೈವರ್ ಒತ್ತಿ ನಿಧಾನಕ್ಕೆ ತಿರುಗಿಸಿ.